ಪುಟ್ಟಿಗೆ ಪಿಯಾನೋ ಮೇಡಂ ಸಿಕ್ಕರು

ಹ್ಯಾರೋ, ಲಂಡನ್
ನವೆಂಬರ್ 16, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಇಲ್ಲಿ ಚಳಿ ಶುರುವಾಯಿತು, ನಾಲ್ಕೂವರೆಗೆಲ್ಲ ಕತ್ತಲು. ಇವರು ಪುಟ್ಟಿಯನ್ನು ಈಜಿಗೆ ಕರೆದುಕೊಂಡು ಹೋಗಿದ್ದಾರೆ. ಮನೆಯಲ್ಲಿ ಸದ್ದಿಲ್ಲ, ಅದಕ್ಕೇ ಬರೆಯಲು ಕೂತೆ.

ಮೊನ್ನೆ ಫೋನಿನಲ್ಲಿ ನೀನು "ಮೇಡಂ ಸಿಕ್ಕಿದ್ರು ಅಂದ್ಯಲ್ಲ, ಹೇಗಿದ್ದಾರೆ?" ಅಂತ ಕೇಳಿದೆ. ನಾನು "ಚೆನ್ನಾಗಿದ್ದಾರೆ" ಅಂದು ಸುಮ್ಮನಾದೆ. ಆದರೆ ಅದು ಒಂದು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲಮ್ಮ. ಸುಮಾ ಕೂಡ ಮಗನನ್ನು ಪಿಯಾನೋ ಕ್ಲಾಸಿಗೆ ಸೇರಿಸಬೇಕು ಅಂತಿದ್ದಾಳಲ್ಲ, ಅವಳಿಗೂ ಇದನ್ನು ಓದಿ ಹೇಳು. ನಾನು ಮಾಡಿದ ತಪ್ಪನ್ನು ಅವಳು ಮಾಡುವುದು ಬೇಡ.

ಮೊದಲ ಸಲ ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಟೀಚರನ್ನು ಗೊತ್ತುಮಾಡಿಬಿಟ್ಟೆವು. ನಡೆದರೆ ಐದು ನಿಮಿಷ. ಮಾತು ಒಳ್ಳೆಯದು, ಹೊತ್ತಿಗೆ ಸರಿಯಾಗಿ ಪಾಠ. ಆದರೆ ಪಾಠ ಅಂದರೆ ಅವರಿಗೆ ಪರೀಕ್ಷೆ. ಇಲ್ಲಿಯ ಸಂಗೀತ ಪರೀಕ್ಷೆಯ ಮೊದಲ ಹಂತ ಗ್ರೇಡ್ ಒಂದು, ಅದಕ್ಕೆ ಮೂರು ತುಣುಕು ನುಡಿಸಬೇಕು, ಒಂದೊಂದಕ್ಕೆ 30 ಅಂಕ. ಆ ಮೂರನ್ನೇ ಪುಟ್ಟಿ ಎಂಟು ತಿಂಗಳು ನುಡಿಸಿದಳು. ಅಡುಗೆಮನೆಯಲ್ಲಿ ನನಗೇ ಬಾಯಿಪಾಠ ಆಗಿತ್ತು, ಎಲ್ಲಿ ತಪ್ಪುತ್ತಾಳೆ ಅನ್ನುವುದೂ ಗೊತ್ತಿತ್ತು. 150ಕ್ಕೆ 121 ಬಂತು. 100 ಬಂದರೆ ಪಾಸು, 120 ಬಂದರೆ ಮೆರಿಟ್. ನಾವು ಜಾಮೂನು ಮಾಡಿದೆವು, ನಿನಗೆ ಸರ್ಟಿಫಿಕೇಟಿನ ಫೋಟೋ ಕಳಿಸಿದ್ದೆ, ನೆನಪಿದೆಯಾ?

ಆ ಫೋಟೋದ ಕೆಳಗಡೆ ಇದ್ದ ಅಂಕಗಳನ್ನು ನಾನೇ ಸರಿಯಾಗಿ ಓದಿರಲಿಲ್ಲ. ಮೂರು ತುಣುಕಿಗೆ 90ಕ್ಕೆ 80. ಕಂಡಿರದ ಸ್ವರಲಿಪಿಯನ್ನು ಅಲ್ಲೇ ನೋಡಿ ನುಡಿಸುವುದು ಅಂತ ಒಂದಿರುತ್ತೆ, ಅದರಲ್ಲಿ 21ಕ್ಕೆ 10. ಅಂದರೆ ಆ ಭಾಗದಲ್ಲಿ ಫೇಲು. ಎರಡು ವಾರ ಕಳೆದು ಆ ಮೂರು ತುಣುಕಿದ್ದ ಪುಸ್ತಕದ ಮುಂದಿನ ಪುಟ ತೆಗೆದು "ಇದನ್ನ ನುಡಿಸು ಪುಟ್ಟಿ" ಅಂದೆ. ಅವಳು ಪುಟ ನೋಡಿದಳು, ಕೈ ನೋಡಿಕೊಂಡಳು, ಕಣ್ಣಲ್ಲಿ ನೀರು. "ಅಮ್ಮಾ, ಇದು ನನ್ನ ಎಕ್ಸಾಮಲ್ಲಿ ಇರಲಿಲ್ಲ." ಹದಿನಾಲ್ಕು ತಿಂಗಳು ಕಲಿತ ಮಗುವಿಗೆ ಸಾದಾ ನಾಲ್ಕು ಸಾಲು ಓದಿ ನುಡಿಸಲು ಬರುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗು ಏನೂ ತಪ್ಪು ಮಾಡಿರಲಿಲ್ಲ, ನಾನು ಯಾವತ್ತೂ ಪಾಠದ ಕೋಣೆಯೊಳಗೆ ಕೂತು ನೋಡಿರಲಿಲ್ಲ.

ಕಿವಿಯ ಪರೀಕ್ಷೆಯಲ್ಲಿ ಮಾತ್ರ 18ಕ್ಕೆ 14 ಇತ್ತು. ಪರೀಕ್ಷಕರು ನುಡಿಸಿದ್ದನ್ನು ಕೇಳಿ ಹಾಡಿ ತೋರಿಸಬೇಕು, ತಾಳ ಹಾಕಬೇಕು. ಅದು ನೀನು ಅವಳಿಗೆ ಹೇಳಿಕೊಡುವ ಸಂಗೀತ ಪಾಠದ ಫಲ, ಇನ್ಯಾರದೂ ಅಲ್ಲ.

ಹೊಸಬರನ್ನು ಹುಡುಕುವುದು ಸುಲಭ ಆಗಲಿಲ್ಲ. ಇಲ್ಲಿ ಮನೆಪಾಠ ಹೇಳಲು ಸರ್ಕಾರದ ಪರವಾನಗಿ ಅಂತ ಏನೂ ಬೇಕಿಲ್ಲ, ಯಾರು ಬೇಕಾದರೂ ಪಿಯಾನೋ ಟೀಚರ್ ಅಂತ ಬೋರ್ಡು ಹಾಕಿಕೊಳ್ಳಬಹುದು. ಅದಕ್ಕೇ ವಿಚಾರಿಸುವ ಹೊಣೆಯೆಲ್ಲ ತಂದೆತಾಯಿಯದು. ಡಿಬಿಎಸ್ ಪ್ರಮಾಣಪತ್ರ ಇದೆಯಾ ಅಂತ ಮೊದಲು ಕೇಳುತ್ತಿದ್ದೆ. ಮಕ್ಕಳ ಜೊತೆ ಕೆಲಸ ಮಾಡುವವರ ಮೇಲೆ ಅಪರಾಧದ ದಾಖಲೆ ಇದೆಯಾ ಅಂತ ಪರಿಶೀಲಿಸಿ ಕೊಡುವುದು ಅದು. ಆಮೇಲೆ, ನಾನು ಪಾಠದಲ್ಲಿ ಕೂರಬಹುದಾ ಅಂತ. ಆಮೇಲೆ, ಒಂದು ವರ್ಷ ಪರೀಕ್ಷೆ ಕಟ್ಟದಿದ್ದರೆ ಏನು ಕಲಿಸುತ್ತೀರಿ ಅಂತ. ಈ ಮೂರನೇ ಪ್ರಶ್ನೆಗೆ ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬ ಹುಡುಗ ಬಹಳ ಚೆನ್ನಾಗಿ ನುಡಿಸುತ್ತಿದ್ದ, ಆದರೆ ಅರ್ಧ ಗಂಟೆಯ ಪಾಠದಲ್ಲಿ ಇಪ್ಪತ್ತು ನಿಮಿಷ ಅವನೇ ನುಡಿಸಿದ, ಪುಟ್ಟಿ ಕೈಕಟ್ಟಿ ಕೂತಿದ್ದಳು. ಫೀಸು ಅರ್ಧ ಗಂಟೆಗೆ 18ರಿಂದ 25 ಪೌಂಡು ಕೇಳಿದರು. ದುಬಾರಿ ಕೇಳಿದವರ ಪಾಠ ಚೆನ್ನಾಗಿತ್ತು ಅಂತ ಏನೂ ಇಲ್ಲ.

ಈಗಿನ ಮೇಡಂ ಇರುವುದು ಹೆಂಡನ್‌ನಲ್ಲಿ, ಹ್ಯಾರೋದಿಂದ 183ನೇ ನಂಬರಿನ ಬಸ್ಸು. ಅರವತ್ತು ದಾಟಿದವರು. ಮೊದಲ ದಿನ ಪುಟ್ಟಿಯನ್ನು ಪಿಯಾನೋ ಮುಂದೆ ಕೂರಿಸಲೇ ಇಲ್ಲ. "ನಿನಗೆ ಬರೋ ಹಾಡು ಯಾವುದಾದರೂ ಹೇಳು" ಅಂದರು. ಪುಟ್ಟಿ ನನ್ನ ಮುಖ ನೋಡಿದಳು. ಆಮೇಲೆ ನೀನು ರಜದಲ್ಲಿ ಕಲಿಸಿದ್ದ ಸರಳೆಯನ್ನು, ತೊಡೆ ಮೇಲೆ ತಾಳ ಹಾಕಿಕೊಂಡು, ಸರಿಗಮಪದನಿಸ ಅಂತ ಹೇಳಿದಳು. ಮೇಡಂ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅವಳ ಷಡ್ಜವನ್ನು ಪಿಯಾನೋದಲ್ಲಿ ಹುಡುಕಿ ಹಿಡಿದು, ಒಂದೊಂದೇ ಸ್ವರ ಒತ್ತುತ್ತಾ ಹೋದರು. ಆಮೇಲೆ ಅದನ್ನೇ ಬಿಳಿ ಒಂದು ಅನ್ನುವ ಮನೆಯಿಂದ, ಅಂದರೆ ಆ ಕೀಲಿಯಿಂದ, ಹಿಡಿದು ತೋರಿಸಿದರು. ಸ ಬಿಳಿ, ರಿ ಕರಿ, ಗ ಮ ಪ ಮೂರೂ ಬಿಳಿ, ದ ಮತ್ತೆ ಕರಿ, ನಿ ಬಿಳಿ. "ಇದು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠವಾ?" ಅಂತ ಆಶ್ಚರ್ಯಪಟ್ಟರು. ಹೌದು, ಮಾಯಾಮಾಳವಗೌಳ ರಾಗ, ಪುರಂದರದಾಸರ ಕಾಲದಿಂದ ಹೀಗೇ ಅಂತಾರೆ ಅಂದೆ. ಇಲ್ಲಿಯವರು ಶುರುಮಾಡುವುದು ಬರೀ ಬಿಳಿ ಮನೆಗಳಲ್ಲಿ, ಅದು ನಮ್ಮ ಶಂಕರಾಭರಣದ ಮೇಳ. ಪುಟ್ಟಿಗೆ ಎರಡೂ ತೋರಿಸಿ "ಸಂಗೀತದಲ್ಲಿ ನಿನಗೆ ಆಗಲೇ ವಾಸಕ್ಕೆ ಎರಡು ಮನೆ ಇವೆ" ಅಂದರು. ಅವಳ ಮುಖ ನೀನು ನೋಡಬೇಕಿತ್ತು.

ಅದಾದ ಮೇಲೆ ಪಿಯಾನೋದ ಮೇಲಿನ ಮುಚ್ಚಳ ಎತ್ತಿದರು. ಒಳಗೆ ಸಾಲಾಗಿ ಪುಟ್ಟ ಪುಟ್ಟ ಸುತ್ತಿಗೆಗಳು, ತುದಿಗೆ ದಪ್ಪ ಉಣ್ಣೆ ಸುತ್ತಿದೆ. ಮನೆ ಒತ್ತಿದರೆ ಸುತ್ತಿಗೆ ಹಾರಿ ತಂತಿಗೆ ಬಡಿದು ಹಿಂದಕ್ಕೆ ಬೀಳುತ್ತೆ. "ಸದ್ದೇ ಬರದ ಹಾಗೆ ಒತ್ತು" ಅಂದರು. ಪುಟ್ಟಿ ತುಟಿ ಕಚ್ಚಿಕೊಂಡು ನಿಧಾನವಾಗಿ, ತಳ ಮುಟ್ಟುವವರೆಗೂ ಒತ್ತಿದಳು, ಸುತ್ತಿಗೆ ತಂತಿಯ ಹತ್ತಿರ ಹೋಗಿ ಮುಟ್ಟದೆ ವಾಪಸು ಬಂತು. "ಈಗ ಒಂದೇ ಒಂದು ಕೂದಲೆಳೆ ಬೇಗ." ಆಗ ಒಂದು ಸಣ್ಣ ಸ್ವರ ಹುಟ್ಟಿತು. ಕೋಣೆಯಲ್ಲಿದ್ದ ನಾವು ಮೂವರೂ ಉಸಿರು ಹಿಡಿದಿದ್ದೆವು. ನೀನು ಶ್ರುತಿ ಪೆಟ್ಟಿಗೆ ಮುಂದೆ ಕೂರಿಸಿ ನನ್ನ ಕೈಲಿ ಷಡ್ಜವನ್ನು ಹತ್ತು ಸಲ ಹಿಡಿಸುತ್ತಿದ್ದೆಯಲ್ಲ, ನನಗೆ ಆ ಬೆಳಗಿನ ಹೊತ್ತೇ ಕಣ್ಣೆದುರು ಬಂತು. ಅಲ್ಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದೆ, ಇವರೇ ಅಂತ.

ಈಗ ಪ್ರತಿ ಪಾಠದಲ್ಲೂ ಮೊದಲ ಐದು ನಿಮಿಷ ಯಾವತ್ತೂ ಕಾಣದ ನಾಲ್ಕು ಸಾಲು. ತಪ್ಪಾದರೂ ನಿಲ್ಲಿಸುವ ಹಾಗಿಲ್ಲ, ತಾಳ ಬಿಡುವ ಹಾಗಿಲ್ಲ. ಮೂರು ತಿಂಗಳಲ್ಲಿ ಅವಳ ಭಯ ಹೋಗಿದೆ. ಪರೀಕ್ಷೆ ಮುಂದೆ ಯಾವಾಗಾದರೂ ಕಟ್ಟಿದರಾಯಿತು.

ಸುಮಾಗೆ ಇದೊಂದು ಮುಖ್ಯವಾಗಿ ಹೇಳು: ಅಗ್ಗಕ್ಕೆ ಸಿಗುತ್ತೆ ಅಂತ 61 ಮನೆಯ ಹಗುರ ಕೀಬೋರ್ಡು ತರುವುದು ಬೇಡ. ಒತ್ತಿದರೆ ಸ್ಪ್ರಿಂಗಿನ ಹಾಗೆ ಎದ್ದುಬಿಡುತ್ತೆ, ಬೆರಳಿಗೆ ಬಲ ಬರುವುದಿಲ್ಲ, ಮೆಲ್ಲಗೆ ಜೋರಾಗಿ ನುಡಿಸುವ ಹದ ಕೈಗೆ ಕೂರುವುದಿಲ್ಲ. ಪಿಯಾನೋದ ಹಾಗೇ ಭಾರ ಇರುವ, ಪೂರ್ತಿ 88 ಮನೆಯ ಡಿಜಿಟಲ್ ಪಿಯಾನೋ ಆಗಬೇಕು, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ನಾವು ತಂದಿದ್ದೂ ಅದೇ. ಇಲ್ಲಿ ಹಳೆಯ ಮರದ ಪಿಯಾನೋಗಳನ್ನು ಬಿಟ್ಟಿಯಾಗೇ ಕೊಡುವವರಿದ್ದಾರೆ, ಆದರೆ ಸಾಗಿಸುವ ಖರ್ಚು, ವರ್ಷಕ್ಕೆರಡು ಸಲ ಶ್ರುತಿ ಮಾಡಿಸುವ ಖರ್ಚು, ಜೊತೆಗೆ ಒಂದೇ ಗೋಡೆಯಾಚೆ ನೆರೆಯವರು. ಡಿಜಿಟಲ್ ಆದರೆ ಹೆಡ್‌ಫೋನ್ ಹಾಕಿಕೊಳ್ಳಬಹುದು.

ಇನ್ನೊಂದು ಸುದ್ದಿ ನಿನಗೆ ಹೇಳಿಲ್ಲ. ನಾನೂ ಸೇರಿದ್ದೇನೆ! ಹದಿನೈದು ದಿನಕ್ಕೊಂದು ಪಾಠ. ಕಿವಿಗೆ ಎಲ್ಲ ಗೊತ್ತಾಗುತ್ತೆ, ಕೈ ಬರುವುದಿಲ್ಲ. ಬಲಗೈ ಹೇಗೋ ಸರಿ, ಎಡಗೈ ಬಲಗೈಯ ಹಿಂದೆಯೇ ಓಡುತ್ತೆ. ಮೇಡಂ ಒಂದೊಂದೇ ಕೈಯಲ್ಲಿ, ಅರ್ಧ ವೇಗದಲ್ಲಿ, ಬಾಯಲ್ಲಿ ಎಣಿಸಿಕೊಂಡು ನುಡಿಸಿ ಅಂತಾರೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಇಪ್ಪತ್ತು ನಿಮಿಷ ಕೂರುತ್ತೇನೆ. ನಲವತ್ತೊಂದರಲ್ಲಿ ಮತ್ತೆ ಶಿಷ್ಯೆ ಆಗಿರುವುದು ನನಗೆ ಎಷ್ಟು ಖುಷಿ ಅಂತ ಹೇಳಲಾರೆ.

"ನಮ್ಮ ಸಂಗೀತ ಮರೆತುಬಿಡ್ತಾಳೇನೋ" ಅಂತ ನೀನು ಕೇಳಿದ್ದು ನನ್ನ ತಲೆಯಲ್ಲೇ ಇದೆ. ಅಪ್ಪನಿಗೆ ಒಂದು ವಿಷಯ ಹೇಳು, ಸಂತೋಷಪಡುತ್ತಾರೆ. ನಮ್ಮ ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ವಾದಕರೇ ಆಗಬೇಕು ಅಂತ ಆಸೆ ಇದ್ದವರು. 1940ರಲ್ಲಿ ತಂದೆ, ದೊಡ್ಡಪ್ಪ ನಾಲ್ವಡಿಯವರು ಒಂದೇ ವರ್ಷ ತೀರಿಕೊಂಡು, 21ನೇ ವಯಸ್ಸಿಗೇ ಪಟ್ಟಕ್ಕೆ ಬರಬೇಕಾಯಿತು. ಆದರೂ ಪಿಯಾನೋ ಮೇಲಿನ ಪ್ರೀತಿ ಹೋಗಲಿಲ್ಲ. ನಿಕೊಲಾಯ್ ಮೆಟ್ನರ್ ಅಂತ ರಷ್ಯದ ಸಂಗೀತಗಾರರು ಲಂಡನ್ನಿನಲ್ಲಿ ಕೈಸೋತು, ಕಾಯಿಲೆ ಬಿದ್ದಿದ್ದಾಗ, ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಕೃತಿಯನ್ನು, ಅವರಿಗೇ ಅರ್ಪಿಸಿದ್ದಾರೆ. 1951ರಲ್ಲಿ ತೀರಿಕೊಂಡ ಮೆಟ್ನರ್ ಅವರ ಸಮಾಧಿ ಇರುವುದು ಇದೇ ಹೆಂಡನ್‌ನಲ್ಲಿ. ಹೋದ ತಿಂಗಳು ಪಾಠ ಮುಗಿಸಿಕೊಂಡು ಪುಟ್ಟಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮೈಸೂರಿನವರ ಪರವಾಗಿ ಒಂದು ಹೂವಿಟ್ಟು ಬಂದೆವು. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು, ಅದನ್ನು ನಿನಗೆ ನಾನು ಹೇಳಬೇಕಾ?

ಆದರೆ ನಿನ್ನ ಭಯದಲ್ಲಿ ನಿಜವೂ ಇದೆ. ಸ್ವರವನ್ನು ತೂಗಿ ಜಾರಿಸುವ ಗಮಕ ಪಿಯಾನೋದಲ್ಲಿ ಬರುವುದಿಲ್ಲ. ಮೇಡಂಗೆ ಒಂದು ದಿನ ತೋಡಿ ರಾಗದ ಗಾಂಧಾರ ಹಾಡಿ ತೋರಿಸಿದೆ. ಎರಡು ಮನೆಗಳ ನಡುವೆ ಬೆರಳಿಟ್ಟುಕೊಂಡು, ಇದು ಇಲ್ಲಿ ಇಲ್ಲ ಅಂದರು. ಅದಕ್ಕೇ ನಿನ್ನ ಪಾಠ ನಿಲ್ಲಬಾರದು. ಭಾನುವಾರದ ಕ್ಲಾಸು ತಪ್ಪಿಸಬೇಡ, ಪುಟ್ಟಿ ಹಟ ಮಾಡಿದರೂ ಬಿಡಬೇಡ. ಜಂಟಿ ವರಸೆ ಬರೆದಿಟ್ಟ ನನ್ನ ಹಳೇ ನೋಟ್‌ಬುಕ್ಕು ಅಟ್ಟದ ಮೇಲೆ ಟ್ರಂಕಿನಲ್ಲಿರಬೇಕು, ಸುಮಾ ಕೈಲಿ ತೆಗೆಸಿ ಫೋಟೋ ಕಳಿಸು.

ಬರುವ ಶನಿವಾರ ನಿಮ್ಮ ಸಂಜೆ ನಾಲ್ಕೂವರೆಗೆ ಫೋನ್ ಮಾಡುತ್ತೇನೆ. ಪುಟ್ಟಿ ಮೊದಲನೇ ಸರಳೆಯನ್ನು ಬಲಗೈಯಲ್ಲಿ ನುಡಿಸುತ್ತಾ, ಎಡಗೈಯಲ್ಲಿ ಬರೀ ಷಡ್ಜ ಪಂಚಮ ಹಿಡಿಯುತ್ತಾಳಂತೆ. ನೀನು ತಾಳ ಹಾಕಬೇಕಂತೆ, ಅಪ್ಪ ಪಕ್ಕದಲ್ಲೇ ಕೂತು ಕೇಳಬೇಕಂತೆ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು