ಸೀತಾಳೆ ದಂಡೆ ಇದೆಯಾ ನೋಡಿ ಬಾ

ತೀರ್ಥಹಳ್ಳಿ
ಮಾರ್ಚ್ ಕೊನೆಯ ವಾರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಗೆಳತಿಯ ಮದುವೆ ಸುದ್ದಿಯೆಲ್ಲ ಹೇಳಿ, ಕೊನೆಗೆ "ಹಾಗೇ ನಮ್ಮನೆನೂ ನೋಡ್ಕೊಂಡು ಬರ್ತೀನಮ್ಮ" ಅಂದೆ. ಫೋನಿಟ್ಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅಸ್ಸಾಮಿನ ಆ ರಿಫೈನರಿ ಊರು ದಿಗ್ಬೋಯ್‌ನಲ್ಲಿ ಇಪ್ಪತ್ತೇಳು ವರ್ಷ ಒಲೆ ಹಚ್ಚಿದವಳು ನಾನು. ನನ್ನ ಬಾಯಿಗೇ 'ನಮ್ಮನೆ' ಅಂತ ಬರುವುದಿಲ್ಲ, 'ಕ್ವಾರ್ಟರ್ಸ್' ಅಂತಲೇ ಬರುತ್ತದೆ. ಮೂರು ಸಲ ಬದಲಿಸಿದೆವು. ಅಪ್ಪನಿಗೆ ಬಡ್ತಿ ಸಿಕ್ಕಿದಾಗಲೆಲ್ಲ ಗುಡ್ಡದ ಮೇಲಕ್ಕೆ ಒಂದೊಂದು ಮೆಟ್ಟಿಲು. ನೀನು ಹೇಳುತ್ತಿರುವುದು ಕೊನೆಯದು, ಹಿತ್ತಲಲ್ಲಿ ಹಲಸಿನ ಮರ ಇದ್ದದ್ದು.

2019ರಲ್ಲಿ ಅಪ್ಪ ನಿವೃತ್ತರಾದಾಗ ನೀನು ಇರಲಿಲ್ಲ. ಬೀಗದ ಕೈ ಕೊಡುವ ದಿನ ಒಬ್ಬ ಹುಡುಗ ಪಟ್ಟಿ ಹಿಡಿದುಕೊಂಡು ಬಂದ. ಫ್ಯಾನ್ ಐದು, ಟ್ಯೂಬ್‌ಲೈಟ್ ಏಳು, ಗೀಸರ್ ಒಂದು. ಒಂದೊಂದೂ ಕೋಣೆಗೆ ಹೋಗಿ ಎಣಿಸಿ ಟಿಕ್ ಹಾಕಿದ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ನಿನ್ನ ಎತ್ತರ ಬರೆದ ಗೆರೆಗಳು ಇದ್ದವಲ್ಲ, ಅದನ್ನು ನೋಡಿ ನಕ್ಕ. ಪಾಪ, ಒಳ್ಳೆಯವನು. ಅವನ ಪಟ್ಟಿಯಲ್ಲಿ ಹಲಸಿನ ಮರ ಇರಲಿಲ್ಲ. ಮರಕ್ಕೆ ನಾನು ಕಟ್ಟಿದ್ದ ಹೂವಿನ ಗಿಡವೂ ಇರಲಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ.

ನಾನು ಅಲ್ಲಿಗೆ ಹೋದದ್ದು 1992ರಲ್ಲಿ. ಕಲ್ಕತ್ತಾಕ್ಕೆ ಒಂದು ರೈಲು, ಗುವಾಹಟಿಗೆ ಇನ್ನೊಂದು, ಅಲ್ಲಿಂದ ತಿನ್ಸುಕಿಯಾಕ್ಕೆ ಮೀಟರ್‌ಗೇಜ್ ರೈಲು. ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ, ಚಟ್ನಿಪುಡಿ ಎಲ್ಲ ಮುಗಿದು, ಸೀರೆಗೆಲ್ಲ ಕಲ್ಲಿದ್ದಲ ಮಸಿ ಹತ್ತಿತ್ತು. ದಾರಿಯುದ್ದಕ್ಕೂ ಸೈನಿಕರ ತಪಾಸಣೆ. ಅಪ್ಪ ಮಾತ್ರ ಕಿಟಕಿಯಾಚೆ ಕೈ ತೋರಿಸಿ "ನೋಡು, ಚಹಾ ತೋಟ" ಅಂತ ಒಂದೇ ಸಮ ಹೇಳುತ್ತಿದ್ದರು. ಗಂಟೆಗಟ್ಟಲೆ ಅದೇ ಚಹಾ ತೋಟ!

ಮೊದಲ ರಾತ್ರಿ ಕಳೆದು ಬೆಳಗ್ಗೆ ನಾಲ್ಕೂವರೆಗೆ ಕಣ್ಣು ಬಿಟ್ಟರೆ ಹೊರಗೆ ಬಿಸಿಲು. ಗಾಬರಿಯಾಯಿತು. ಮದುವೆಯಾಗಿ ಬಂದ ಮೊದಲ ದಿನವೇ ತಡವಾಗಿ ಎದ್ದೆ ಅಂದುಕೊಂಡೆ. ದೇಶದ ಗಡಿಯಾರವೊಂದು, ಅಲ್ಲಿನ ಸೂರ್ಯನೇ ಇನ್ನೊಂದು. ಅದಕ್ಕೇ ಚಹಾ ತೋಟದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಂಡಿದ್ದರು, 'ಬಾಗಾನ್ ಟೈಮ್' ಅಂತ. ನಮ್ಮನ್ನು ಏಳಿಸಿ ಮಲಗಿಸುತ್ತಿದ್ದದ್ದು ಮಾತ್ರ ರಿಫೈನರಿಯ ಸೈರನ್ನು.

ಮಳೆಗೆ ನಾನು ಹೆದರಲಿಲ್ಲ. ಆಗುಂಬೆ ಪಕ್ಕದವಳಿಗೆ ಮಳೆ ತೋರಿಸುತ್ತಾರಂತೆ! ಅಡಿಕೆ ನೋಡಿದಾಗ ಮಾತ್ರ ಸೋತೆ. ಪಕ್ಕದ ಮನೆಯವರು ಮೊದಲ ದಿನ ತಾಮುಲ್ ಕೊಟ್ಟರು. ಅಡಿಕೆ ತೋಟದವರ ಮಗಳು ನಾನು, ಜಂಬದಿಂದ ಪೂರ್ತಿ ಹೋಳು ಬಾಯಿಗೆ ಹಾಕಿಕೊಂಡೆ. ನಾವು ಬೇಯಿಸಿ ಒಣಗಿಸುತ್ತೇವೆ. ಅವರು ಹಸಿಯದ್ದನ್ನೇ ನೆಲದಲ್ಲಿ ಹೂತಿಟ್ಟು ಹುದುಗಿಸುತ್ತಾರೆ. ಅಜ್ಜ ನೀರಲ್ಲಿ ನೆನೆಸಿಡುತ್ತಿದ್ದ ನೀರಡಿಕೆಯ ಅಣ್ಣ ಅನ್ನಬಹುದು. ಕಿವಿ ಬಿಸಿಯಾಯಿತು, ಹಣೆಯಲ್ಲಿ ಬೆವರು, ತಲೆ ಗಿರ್ರನೆ ತಿರುಗಿತು. ಗೋಡೆ ಹಿಡಿದು ಕೂತೆ. ಅವರೆಲ್ಲ ನಕ್ಕು, ನೀರು ಕೊಟ್ಟು, "ಲಾಹೆ ಲಾಹೆ, ಬಾಯ್ದೇವ್" ಅಂದರು. ನಿಧಾನ, ನಿಧಾನ ಅಕ್ಕಾ ಅಂತ. ನಾನು ಕಲಿತ ಮೊದಲ ಅಸ್ಸಾಮಿ ಮಾತು ಅದು.

ಅವರ ಬಾಯಲ್ಲಿ 'ಚ' ಎಲ್ಲ 'ಸ' ಆಗುತ್ತದಲ್ಲ, ಚಹಾ 'ಸಾಹ್' ಆದ ಹಾಗೆ. ನಿನ್ನ ಹೆಸರಿಗೂ ಅದೇ ಗತಿ. ನೀನು ಎಲ್‌ಕೆಜಿಯಲ್ಲಿ ನಿನ್ನ ಹೆಸರನ್ನು ಹಾಗೇ ಹೇಳಿ, ನಾನು ತಿದ್ದಿದರೆ "ಅಮ್ಮಾ, ನಿಂಗೆ ಸರಿಯಾಗಿ ಹೇಳಕ್ಕೆ ಬರಲ್ಲ" ಅಂದಿದ್ದೆ!

ಅಪ್ಪ ನಿನ್ನನ್ನು ತಿಂಗಳಿಗೊಮ್ಮೆ ಆ ಮ್ಯೂಸಿಯಂಗೆ ಎಳೆದುಕೊಂಡು ಹೋಗುತ್ತಿದ್ದದ್ದು ನೆನಪಿದೆಯಾ? ಊರಿನ ಮೊದಲ ಎಣ್ಣೆ ಬಾವಿ. 1889ರಲ್ಲಿ ಕೊರೆಯಲು ಶುರು ಮಾಡಿ, ಮರುವರ್ಷ 662 ಅಡಿಗೆ ಮುಗಿಸಿದ್ದು. ರೈಲ್ವೆ ಕೆಲಸಕ್ಕೆ ಮರ ಎಳೆಯುವ ಆನೆಯ ಕಾಲಿಗೆ ಎಣ್ಣೆ ಮೆತ್ತಿತ್ತಂತೆ, ಅದನ್ನು ನೋಡಿದ ಇಂಗ್ಲಿಷಿನವ 'ಡಿಗ್ ಬಾಯ್, ಡಿಗ್' ಅಂತ ಕೂಗಿದನಂತೆ, ಊರಿಗೆ ಅದೇ ಹೆಸರಾಯಿತಂತೆ. ಈ ಕಥೆಯನ್ನು ನಾನು ಒಂದು ದಿನವೂ ನಂಬಲಿಲ್ಲ. ಅಲ್ಲಿನ ಕಾಡಿನಲ್ಲಿ ಓಡಾಡುವ ಜನಕ್ಕೆ ತೊರೆಯ ನೀರ ಮೇಲೆ ತೇಲುವ ಎಣ್ಣೆ ಕಾಣದೇ ಇತ್ತಾ? ಕಥೆ ಹೇಳುವವನು ಯಾವಾಗಲೂ ಸಾಹೇಬ. ಅಗೆದ ಹುಡುಗನ ಹೆಸರು ಯಾವ ಕಥೆಯಲ್ಲೂ ಇಲ್ಲ.

1901ರ ಡಿಸೆಂಬರ್ 11ಕ್ಕೆ ರಿಫೈನರಿ ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ, ನಮ್ಮ ದೇಶದಲ್ಲಿ ಅದಕ್ಕಿಂತ ಹಳೆಯದಿಲ್ಲ. 1939ರಲ್ಲಿ ಅಲ್ಲಿನ ಕಾರ್ಮಿಕರು ದೊಡ್ಡ ಮುಷ್ಕರ ಮಾಡಿದರು. ಗುಂಡು ಹಾರಿತು, ಜನ ಸತ್ತರು. ಇದನ್ನು ಅಪ್ಪ ನಿನಗೆ ಹೇಳುತ್ತಿರಲಿಲ್ಲ. ನನಗೇ ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ, ತರಕಾರಿ ಮಾರುವ ಮುದುಕರೊಬ್ಬರಿಂದ.

ಅಪ್ಪನ ಲೋಕವೇ ಬೇರೆ, ಮೇಣದ್ದು. ಆ ಕಡೆಯ ಕಚ್ಚಾ ಎಣ್ಣೆಯಲ್ಲಿ ಮೇಣ ಜಾಸ್ತಿ. ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ದುಲಿಯಾಜಾನ್‌ನಿಂದ ಬಿಹಾರದ ಬರೌನಿಗೆ 1,157 ಕಿಲೋಮೀಟರ್ ಪೈಪು ಹಾಕಿದರಲ್ಲ, ಆ ಪೈಪಿನಲ್ಲಿ ಎಣ್ಣೆ ಹರಿಯಬೇಕಾದರೆ ಮೊದಲು ಕಾಯಿಸಿ, ಹದ ನೋಡಿಕೊಂಡು ಆರಿಸಿ ಕಳಿಸಬೇಕಿತ್ತು. ಅಪ್ಪ ಇದನ್ನು ಹೇಳುವಾಗ ನನಗೆ ಬೆಲ್ಲದ ಆಲೆಮನೆ ನೆನಪಾಗುತ್ತಿತ್ತು. ಇವರದು ಎಣ್ಣೆಯಿಂದ ಮೇಣ ತೆಗೆಯುವ ಕೆಲಸ. ಅಂಗಿಯ ಕಾಲರು ಎಷ್ಟು ತಿಕ್ಕಿದರೂ ಸೀಮೆಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಈಗಲೂ ಇಲ್ಲಿನ ಅಂಗಡಿಯಲ್ಲಿ ಮೇಣದಬತ್ತಿ ತೆಗೆದುಕೊಂಡರೆ ಉಗುರಿನಿಂದ ಗೀರಿ, ಮೂಸಿ, "ಇದರಲ್ಲಿ ಎಣ್ಣೆ ಉಳಿದಿದೆ" ಅನ್ನುತ್ತಾರೆ. ಅಂಗಡಿಯವನಿಗೆ ಸಾಕಾಗಿಹೋಗಿದೆ.

ನಿನಗೆ ಆ ಊರೆಂದರೆ ಹುಲ್ಲುಹಾಸು, ಬಂಗಲೆ, ಗಾಲ್ಫ್ ಮೈದಾನ, ಕ್ಲಬ್ಬಿನ ಈಜುಕೊಳ. ತಪ್ಪಲ್ಲ, ನೀನು ಬೆಳೆದದ್ದು ಬೇಲಿಯ ಒಳಗೆ. ನಮಗೆ ದಿನವಿಡೀ ಕರೆಂಟು, ದಿನವಿಡೀ ನೀರು. ಬೇಲಿ ದಾಟಿ ಬಜಾರಿಗೆ ಹೋದರೆ ಸಂಜೆ ಕತ್ತಲೆ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಮಾಹಿ ನೆನಪಿದ್ದಾರಲ್ಲ, ನಿನಗೆ ಪಿಠಾ ಮಾಡಿಕೊಡುತ್ತಿದ್ದವರು? ಅವರ ಮನೆ ರೈಲು ಹಳಿಯ ಆಚೆ. ನಿನಗೆ ಜ್ವರ ಬಂದ ವರ್ಷ ಅವರು ಎರಡು ದಿನ ಬರಲಿಲ್ಲ, ನಾನೇ ಹುಡುಕಿಕೊಂಡು ಹೋದೆ. ಒದ್ದೆ ಸೌದೆಗೆ ಊದುತ್ತಾ ಕೂತಿದ್ದರು. ಕಣ್ಣೆಲ್ಲ ಕೆಂಪು. ಹಿಂದಿನ ವಾರವಷ್ಟೇ ನಾವು ದುಲಿಯಾಜಾನ್ ಕಡೆಗೆ ಹೋಗಿದ್ದಾಗ ನೀನು ಕಾರಿನ ಕಿಟಕಿಯಿಂದ ಗ್ಯಾಸಿನ ಜ್ವಾಲೆ ನೋಡಿ ಚಪ್ಪಾಳೆ ತಟ್ಟಿದ್ದೆ. ಹಗಲೂ ರಾತ್ರಿ ಆಕಾಶಕ್ಕೆ ಉರಿದುಹೋಗುವ ಗ್ಯಾಸು. ಮಾಹಿ ಒಲೆಗೆ ಒದ್ದೆ ಸೌದೆ. ನಾನು ಯಾರನ್ನೂ ಏನೂ ಕೇಳಲಿಲ್ಲ ಪುಟ್ಟಿ. ಮಾಹಿಗೆ ಹಣ್ಣು ಕೊಟ್ಟು ಬಂದೆ.

ಇನ್ನೊಂದು ವಿಷಯ. 2003ರ ಮಾರ್ಚ್. ನಿನಗೆ ಏಳು ವರ್ಷ. ಅವತ್ತು ಆಕಾಶ ಕೆಂಪಗಾಗಿದ್ದನ್ನು ನೀನು ಈಗಲೂ "ಯಾರದೋ ಮದುವೆಯ ಪಟಾಕಿ" ಅನ್ನುತ್ತೀಯ. ಹಾಗೆ ಹೇಳಿದ್ದು ನಾನೇ. ಉಗ್ರರು ಹಾರಿಸಿದ ಮಾರ್ಟರ್ ಶೆಲ್ ರಿಫೈನರಿಯ ಪೆಟ್ರೋಲ್ ಟ್ಯಾಂಕಿಗೆ ಬಿದ್ದಿತ್ತು. ಅಪ್ಪ ಡ್ಯೂಟಿಯಲ್ಲಿದ್ದರು. ನಾನು ಬಕೆಟ್ಟು, ಕೊಡ, ಪಾತ್ರೆ, ಕೊನೆಗೆ ಪ್ರೆಶರ್ ಕುಕ್ಕರಿಗೂ ನೀರು ತುಂಬಿಸಿಟ್ಟೆ. ಪೆಟ್ರೋಲ್ ಬೆಂಕಿಗೆ ಕುಕ್ಕರಿನ ನೀರು! ನಿನ್ನ ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆದು ಒಡವೆ, ನಿನ್ನ ಜನನ ಪತ್ರ, ಎರಡು ಜೊತೆ ಬಟ್ಟೆ ತುರುಕಿದೆ. ಅಪ್ಪ ವಾಪಸ್ ಬಂದಾಗ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗಿತ್ತು. ಏನೂ ಮಾತಾಡದೆ ಆ ಕುಕ್ಕರಿನ ನೀರನ್ನೇ ಎತ್ತಿ ಕುಡಿದರು. ಅವತ್ತು ಊರಿಗೆ ವಾಪಸ್ ಹೋಗೋಣ ಅಂತ ಹಟ ಹಿಡಿದೆ. ಒಂದು ವಾರ ಮಾತು ಬಿಟ್ಟೆ. ಆಮೇಲೆ ನಿನ್ನ ಪರೀಕ್ಷೆ ಬಂತು, ಬಿಹು ಹಬ್ಬ ಬಂತು, ಹಾಗೇ ಹದಿನಾರು ವರ್ಷ ಉಳಿದೆವು.

2020ರಲ್ಲಿ ಬಾಘ್‌ಜಾನ್ ಬಾವಿ ಸಿಡಿದಾಗ ನೀನು ಅಳುತ್ತಾ ಫೋನ್ ಮಾಡಿದ್ದೆ. ಮೇ 27ಕ್ಕೆ ಗ್ಯಾಸು ಉಕ್ಕಲು ಶುರುವಾಗಿ, ಜೂನ್ 9ಕ್ಕೆ ಬೆಂಕಿ ಹೊತ್ತಿತು. ಇಬ್ಬರು ಅಗ್ನಿಶಾಮಕದವರು ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಚಳಿಗಾಲದಲ್ಲಿ ನಾವು ಬಾತುಕೋಳಿ ನೋಡಲು ಹೋಗುತ್ತಿದ್ದ ಮಾಗುರಿ ಬೀಲ್ ಕೆರೆಯಲ್ಲಿ ಡಾಲ್ಫಿನ್ ಸತ್ತು ತೇಲಿತ್ತು. ಬೆಂಕಿ ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. "ಇಂಥದೇ ದುಡ್ಡಲ್ಲಿ ಅಲ್ವಾ ಅಮ್ಮ ನಾನು ಓದಿದ್ದು?" ಅಂತ ಕೇಳಿದೆ. ನಾನು "ಊಟ ಆಯ್ತಾ?" ಅಂತ ಮಾತು ತಿರುಗಿಸಿದೆ. ಈಗ ಉತ್ತರ ಕೊಡುತ್ತೇನೆ. ಹೌದು, ಇಂಥದೇ ದುಡ್ಡು. ನಿನ್ನ ಫೀಸು, ನನ್ನ ಬಳೆ, ಇಲ್ಲಿನ ಈ ಮನೆಯ ಹೆಂಚು, ಎಲ್ಲ ಅದೇ. ಅಪ್ಪನಿಗೆ ನಾಚಿಕೆ ಇದೆಯಾ ಅಂತ ನಾನು ಕೇಳಿಲ್ಲ. ಆ ದಿನಗಳಲ್ಲಿ ಅವರು ಟಿವಿಯ ಸದ್ದು ನಿಲ್ಲಿಸಿ ಬರೀ ಜ್ವಾಲೆ ನೋಡುತ್ತಾ ಕೂರುತ್ತಿದ್ದರು. "ಒತ್ತಡ ಇನ್ನೂ ಇಳಿದಿಲ್ಲ" ಅನ್ನುತ್ತಿದ್ದರು. ಜ್ವರ ನೋಡುವ ಡಾಕ್ಟರ ಹಾಗೆ.

ಊರು ಈಗ ಬದಲಾಗಿರಬಹುದು. 2017ರಲ್ಲಿ ಧೋಲಾ–ಸಾದಿಯಾ ಸೇತುವೆ, ಮರುವರ್ಷ ಬೋಗಿಬೀಲ್, ಎರಡನ್ನೂ ನಾವೇ ಹೋಗಿ ನೋಡಿದ್ದೆವು. ಬ್ರಹ್ಮಪುತ್ರ ದಾಟಲು ದೋಣಿ ಕಾಯುತ್ತಿದ್ದದ್ದು ಒಂದು ಕಾಲ. 2021ರಲ್ಲಿ ದೆಹಿಂಗ್ ಪಟ್ಕಾಯ್ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ದಿಗ್ಬೋಯ್‌ನ ಸ್ವಂತ ಬಾವಿಗಳು ಮಾತ್ರ ಮುದಿಯಾಗಿವೆ. ಬೇರೆ ಕಡೆಯ ಎಣ್ಣೆ ಪೈಪಿನಲ್ಲಿ ಬಂದು ರಿಫೈನರಿ ನಡೆಯುತ್ತದೆ. ಆ ಊರು ಮಹಾನಗರ ಆಗಲೇ ಇಲ್ಲ. ಅಲ್ಲಿ ಜನ ಬರುತ್ತಾರೆ, ಅರುವತ್ತಾಗುತ್ತದೆ, ಹೋಗುತ್ತಾರೆ. ಬೇರು ಬಿಟ್ಟವರು ಬೇಲಿಯ ಆಚೆಯವರು. ಮಾಹಿ, ಆ ತರಕಾರಿಯವರು, ನಿನ್ನ ಗೆಳತಿಯ ಮನೆಯವರು.

ಈಗ ಹೂವಿನ ಕಥೆ. ಏಪ್ರಿಲ್‌ನಲ್ಲಿ ಬೀಸುವ ಗಾಳಿಮಳೆಗೆ ಅಲ್ಲಿ 'ಬೋರ್ದೋಯ್ಸಿಲಾ' ಅನ್ನುತ್ತಾರಲ್ಲ. ಮದುವೆಯಾದ ಮಗಳಂತೆ ಅವಳು. ಬಿಹುಗೆ ತವರಿಗೆ ಹೋಗುವ ಆತುರಕ್ಕೆ ದಾರಿಯ ಬಾಳೆಗಿಡ, ಹುಲ್ಲಿನ ಮಾಡು ಎಲ್ಲ ಕೆಡವಿಕೊಂಡು ಓಡುತ್ತಾಳಂತೆ. ಮಾಹಿ ಅದನ್ನು ಹೇಳಿದ ದಿನ ನಾನು ಒಳಗೆ ಹೋಗಿ ಅತ್ತಿದ್ದೆ. ಐದು ದಿನದ ದಾರಿಗೆ ನಾನು ಯಾವ ಗಾಳಿ ಹತ್ತಲಿ? ಅವತ್ತಿನ ಗಾಳಿಗೇ ರಸ್ತೆಯಲ್ಲಿ ಒಂದು ದೊಡ್ಡ ಕೊಂಬೆ ಬಿದ್ದಿತ್ತು. ಅದರ ಮೇಲೆ ಕೊಪೌ ಫೂಲ್ ಗಿಡ, ಗುಲಾಬಿ ಚುಕ್ಕೆಯ ಹೂಗೊಂಚಲು ಜೋತುಬಿದ್ದಿತ್ತು. ಬಿಹುಗೆ ಹುಡುಗಿಯರು ಮುಡಿಯುವ ಹೂವು. ಹತ್ತಿರ ಹೋಗಿ ನೋಡಿದರೆ ನಮ್ಮ ಸೀತಾಳೆ ದಂಡೆ! ಅಮ್ಮ ಮಳೆಗಾಲದ ಮೊದಲಿಗೆ ನನ್ನ ಜಡೆಗೆ ಸುತ್ತುತ್ತಿದ್ದದ್ದು ಇದನ್ನೇ. ಎತ್ತಿಕೊಂಡು ಬಂದು ತೆಂಗಿನ ನಾರಿನಿಂದ ಹಲಸಿನ ಕಾಂಡಕ್ಕೆ ಕಟ್ಟಿದೆ. ಮೂರು ವರ್ಷ ಬರೀ ಎಲೆ. ನಾಲ್ಕನೆಯ ವರ್ಷ ನಿನ್ನ ಸ್ಕೂಲಿನ ಬಿಹು ಕುಣಿತಕ್ಕೆ ಸರಿಯಾಗಿ ಬಿಟ್ಟಿತು. ಆ ಫೋಟೋದಲ್ಲಿ ನಿನ್ನ ತುರುಬಿನಲ್ಲಿರುವುದು ಅದೇ.

ಅದಕ್ಕೇ, ಹೋಗು. ಮೊದಲು ಗೇಟಿನ ಹೊರಗೆ ನಿಂತು ಕೂಗು, ಅದು ಬೇರೆಯವರ ಮನೆ. ಯಾರು ಅಂತ ಹೇಳಿ, ಹಿತ್ತಲು ನೋಡಬಹುದಾ ಅಂತ ಕೇಳು. ತಾಮುಲ್ ಕೊಟ್ಟರೆ ಬೇಡ ಅನ್ನಬೇಡ, ಚಿಕ್ಕ ಚೂರು ಸಾಕು. ಹಲಸಿನ ಮರದ ಪಡುವಣ ಬದಿ, ನಿನ್ನ ಎದೆಯೆತ್ತರಕ್ಕೆ ಕಟ್ಟಿದ್ದೆ. ನಾರು ಕೊಳೆತುಹೋಗಿರುತ್ತದೆ, ಬೇರು ಹಿಡಿದುಕೊಂಡಿರಬೇಕು. ಹೂವಿದ್ದರೂ ಕೊಯ್ಯಬೇಡ. ಅವರಾಗಿ ಕೊಟ್ಟರೆ ಮುಡಿದುಕೊ, ಫೋಟೋ ಕಳಿಸು. ಮಾಹಿ ಮನೆಗೆ ಮಾತ್ರ ತಪ್ಪದೇ ಹೋಗು. ಒಂದು ಸೀರೆ ಕಳಿಸಿದ್ದೇನೆ.

ನಿನ್ನ
ಅಮ್ಮ

ವಿ.ಸೂ.: ಅಪ್ಪ ಅಲ್ಲಿಂದ ಒಂದು ಕಟ್ಟು ಮೇಣದಬತ್ತಿ ತರಬೇಕಂತೆ. ಕೊಳ್ಳುವಾಗ ಉಗುರಿನಿಂದ ಗೀರಿ ನೋಡಬೇಕಂತೆ.