ಸಸ್ಯಾಹಾರಿ ಬರ್ಗರ್‌ನಲ್ಲಿ ಮೊಟ್ಟೆ ಇದ್ದರೆ ಮೆನುವಿನಲ್ಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಜಯನಗರದಂಥ ಬಡಾವಣೆಗಳಲ್ಲಿ ಬರ್ಗರನ್ನೇ ಮುಖ್ಯ ತಿನಿಸಾಗಿಸಿಕೊಂಡ, ನೆಮ್ಮದಿಯಿಂದ ಕುಳಿತು ತಿನ್ನಬಹುದಾದ ರೆಸ್ಟೋರೆಂಟ್‌ಗಳು ಈಚಿನ ವರ್ಷಗಳಲ್ಲಿ ಹೆಚ್ಚಾಗಿವೆ. ಇವುಗಳಲ್ಲಿ ಎಷ್ಟೋ ದೊಡ್ಡ ಕಂಪನಿಗಳ ಸರಣಿ ಮಳಿಗೆಗಳಲ್ಲ. ಒಬ್ಬಿಬ್ಬರು ಮಾಲೀಕರು ಆಸ್ಥೆಯಿಂದ ನಡೆಸುವ, ಒಂದೋ ಎರಡೋ ಶಾಖೆಗಳಿರುವ ಹೋಟೆಲುಗಳು. ಭಾನುವಾರ ಸಂಜೆ ಅಲ್ಲಿ ಕಾಲೇಜು ಹುಡುಗ ಹುಡುಗಿಯರ ಜೊತೆಗೆ, ಅಜ್ಜಿ ತಾತಂದಿರನ್ನೂ ಕರೆದುಕೊಂಡು ಬಂದ ಕುಟುಂಬಗಳು ಕಾಣಸಿಗುತ್ತವೆ. ಒಂದೇ ಮೇಜಿನ ಸುತ್ತ ಮಾಂಸ ತಿನ್ನುವವರೂ ತಿನ್ನದವರೂ ಕೂಡಿ ಕೂರುವುದು ನಮ್ಮ ಅನೇಕ ಮನೆಗಳಲ್ಲಿ ಸಹಜ. ಇಂಥ ಹೋಟೆಲುಗಳ ಮೇಲೆ ನನಗೆ ಅಭಿಮಾನವಿದೆ, ಆಗಾಗ ಹೋಗುತ್ತಲೂ ಇರುತ್ತೇನೆ. ಆ ಅಭಿಮಾನದಿಂದಲೇ ಒಂದು ಕೊರತೆಯನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ಹಸಿರು ಗುರುತು ಹಾಕಿ ಸಸ್ಯಾಹಾರಿ ಎಂದು ಮಾರುವ ಬರ್ಗರ್‌ನಲ್ಲಿ ಮೊಟ್ಟೆ ಬಳಸಿದ್ದರೂ ಅದನ್ನು ಮೆನುವಿನಲ್ಲಿ ಹೇಳದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಈ ಹೋಟೆಲುಗಳ ಅಡುಗೆಯಲ್ಲಿ ನಿಜವಾದ ಶ್ರದ್ಧೆ ಇದೆ ಎಂಬುದನ್ನು ಮೊದಲೇ ಹೇಳಬೇಕು. ಮಾಂಸವನ್ನು ಅಂದಂದೇ ಅರೆದು, ಅದರಲ್ಲಿ ಶೇ 20ರ ಆಸುಪಾಸು ಕೊಬ್ಬು ಇರುವಂತೆ ನೋಡಿಕೊಂಡು, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲೆ ಒತ್ತಿ ಬೇಯಿಸಿದಾಗ ಪ್ಯಾಟಿಯ, ಅಂದರೆ ಬನ್ನಿನ ನಡುವೆ ಇಡುವ ಬಿಲ್ಲೆಯ, ಅಂಚು ಗರಿಗರಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಒಳಗಿನ ರಸ ಉಳಿದುಕೊಳ್ಳುತ್ತದೆ. ಪ್ಯಾಟಿ ಇನ್ನೂ ಕಾವಲಿಯ ಮೇಲಿರುವಾಗಲೇ ಚೀಸ್ ಹಾಳೆಯನ್ನು ಇಟ್ಟು ಕರಗಿಸುತ್ತಾರೆ. ಬನ್ನಿನ ಕತ್ತರಿಸಿದ ಬದಿಯನ್ನು ಬೆಣ್ಣೆಯಲ್ಲಿ ಕಾಯಿಸುವುದರಿಂದ ಸಾಸ್ ಇಳಿದರೂ ಬನ್ನು ಬೇಗ ಮೆತ್ತಗಾಗುವುದಿಲ್ಲ. ಸಸ್ಯಾಹಾರಿಗಳ ಪಾಲಿಗೂ ಈ ಅಡುಗೆಯವರು ಆಲೂಗಡ್ಡೆಯ ಟಿಕ್ಕಿಗಷ್ಟೇ ನಿಂತಿಲ್ಲ. ದೊಡ್ಡ ಅಣಬೆಯೊಳಗೆ ಚೀಸ್ ತುಂಬಿ ಕರಿದದ್ದು, ಬೀಟ್‌ರೂಟು ಮತ್ತು ರಾಜ್ಮಾ ಅರೆದು ತಟ್ಟಿದ್ದು, ಹೊಗೆಯ ಪರಿಮಳ ಹಿಡಿಸಿದ ಪನೀರು, ಹೀಗೆ ಹೊಸ ಬಗೆಗಳನ್ನು ಯೋಚಿಸಿ ಮಾಡುತ್ತಾರೆ. ಇಷ್ಟು ಯೋಚಿಸಿ ಮಾಡುವವರು ಬನ್ನು ಮತ್ತು ಸಾಸ್‌ಗಳ ವಿಷಯದಲ್ಲೂ ಅದೇ ಕಾಳಜಿ ತೋರಿಸಲಿ ಎಂಬುದು ನನ್ನ ಆಸೆ.

ಬರ್ಗರ್‌ನಲ್ಲಿ ಮೊಟ್ಟೆ ಸೇರಿಕೊಳ್ಳುವ ಜಾಗಗಳು ಹಲವು. ಈ ಹೋಟೆಲುಗಳು ಮೆಚ್ಚಿ ಬಳಸುವ ಬ್ರಿಯೋಶ್ ಬನ್ನು ಫ್ರೆಂಚ್ ಪದ್ಧತಿಯದು. ಅದರ ಹಿಟ್ಟಿಗೇ ಬೆಣ್ಣೆಯ ಜೊತೆ ಮೊಟ್ಟೆ ಬೀಳುತ್ತದೆ, ಆ ಮೃದುತ್ವಕ್ಕೂ ಹಳದಿ ಬಣ್ಣಕ್ಕೂ ಅದೇ ಕಾರಣ. ಹಿಟ್ಟಿಗೆ ಮೊಟ್ಟೆ ಹಾಕದ ಬನ್ನುಗಳಿಗೂ ಒಲೆಗಿಡುವ ಮೊದಲು ಹೊಳಪಿಗಾಗಿ ಮೇಲೆ ಮೊಟ್ಟೆ ಸವರುವ ರೂಢಿ ಉಂಟು. ಮಯೋನೀಸ್ ಎಂದರೆ ಮೂಲತಃ ಮೊಟ್ಟೆಯ ಹಳದಿ ಮತ್ತು ಎಣ್ಣೆಯನ್ನು ಕಡೆದು ಮಾಡಿದ್ದು. ಬೆಳ್ಳುಳ್ಳಿ ಐಯೋಲಿ, ಟಾರ್ಟರ್ ಸಾಸ್, 'ಹೌಸ್ ಸಾಸ್' ಎಂದು ಕರೆಯುವ ಎಷ್ಟೋ ಕೆಂಪು ಸಾಸ್‌ಗಳಿಗೂ ಅದೇ ಬುನಾದಿ. ಕರಿದ ಅಣಬೆ ಮತ್ತು ಈರುಳ್ಳಿ ಬಳೆಗಳ ಹಿಟ್ಟಿನಲ್ಲಿ, ತರಕಾರಿ ಪ್ಯಾಟಿ ಒಡೆಯದಿರಲಿ ಎಂದು ಹಾಕುವ ಪದಾರ್ಥಗಳಲ್ಲಿ ಕೂಡ ಮೊಟ್ಟೆ ಇರಬಹುದು. ಮೆನುವಿನ ಹಸಿರು ಗುರುತು ಮಾತ್ರ ಪ್ಯಾಟಿಯೊಂದನ್ನೇ ನೋಡಿ ಹಾಕಿದ್ದಾಗಿರುತ್ತದೆ.

ಕೆಲವು ತಿಂಗಳ ಹಿಂದೆ ದಕ್ಷಿಣ ಬೆಂಗಳೂರಿನ ಇಂಥದೊಂದು ರೆಸ್ಟೋರೆಂಟ್‌ಗೆ ನನ್ನ ತಾಯಿಯವರನ್ನು ಕರೆದೊಯ್ದಿದ್ದೆವು. ಮೆನು ಇದ್ದದ್ದು ಕ್ಯೂಆರ್ ಕೋಡಿನ ಮೂಲಕ ಮೊಬೈಲಿನಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತ್ರ; ಹಸಿರು ಗುರುತಿದ್ದ ಅಣಬೆಯ ಬರ್ಗರನ್ನು ನಾನೇ ಓದಿ ಹೇಳಿ ತರಿಸಿದೆ. ತಟ್ಟೆ ಬಂದಾಗ ಬನ್ನಿನ ನೆತ್ತಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, 'ಇದಕ್ಕೆ ಮೊಟ್ಟೆ ಸವರಿದ್ದಾರೇನಪ್ಪ?' ಎಂದು ಕೇಳಿದರು. ಬಡಿಸುವ ಹುಡುಗ ವಿನಯವಂತ. 'ಇಲ್ಲಮ್ಮ, ಇದು ವೆಜ್ಜೇ' ಎಂದವನು, ನಾವು ಮತ್ತೊಮ್ಮೆ ಕೇಳಿದ ಮೇಲೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಬನ್ನಿನಲ್ಲೂ ಸಾಸ್‌ನಲ್ಲೂ ಮೊಟ್ಟೆ ಇದೆ, ಬೇಕಾದರೆ ಪ್ಯಾಟಿಯನ್ನು ಲೆಟಿಸ್ ಎಲೆಯಲ್ಲಿ ಸುತ್ತಿ ಕೊಡುತ್ತೇವೆ ಎಂದ. ಆಲೂಗಡ್ಡೆಯ ಫ್ರೈಸ್ ಆದರೂ ತಿನ್ನಬಹುದೇ ಎಂದು ಕೇಳಿದರೆ, ಅದನ್ನು ಕರಿಯುವುದು ಕೋಳಿ ಕರಿದ ಎಣ್ಣೆಯಲ್ಲೇ ಎಂಬ ಉತ್ತರ ಬಂತು. 'ನೀವೆಲ್ಲ ತಿನ್ನಿ, ನನಗೇನೂ ಅಂಥ ಹಸಿವಿಲ್ಲ' ಎಂದು ಅಮ್ಮ ನಿಂಬೆಹಣ್ಣಿನ ಸೋಡಾ ಕುಡಿದು ಕುಳಿತರು. ಹುಡುಗನ ಮೇಲೆ ನನಗೆ ಯಾವ ದೂರೂ ಇಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಕೇಳದೆ ತಿಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ನನ್ನನ್ನು ಬಹುವಾಗಿ ಕಾಡಿತು. ಜೀವಮಾನವಿಡೀ ಪಾಲಿಸಿಕೊಂಡು ಬಂದ ಒಂದು ನಿಯಮ, ಬೇರೆಯವರು ಒಂದು ಸಾಲು ಬರೆಯದೆ ಬಿಟ್ಟದ್ದರಿಂದ ಮುರಿದುಹೋಗಬಾರದು.

ನಮ್ಮ ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ನಡೆದು ನಿಂತಿದೆ. ಪೊಟ್ಟಣದ ಆಹಾರದ ಮಟ್ಟಿಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ ಸ್ಪಷ್ಟವಾಗಿದೆ: ಹಾಲು, ಜೇನಿನಂಥ ಕೆಲವನ್ನು ಬಿಟ್ಟರೆ ಪ್ರಾಣಿಮೂಲದ ಪದಾರ್ಥ, ಮೊಟ್ಟೆಯೂ ಸೇರಿದಂತೆ, ಯಾವುದಿದ್ದರೂ ಅದು ಮಾಂಸಾಹಾರ, ಅದಕ್ಕೆ ಚೌಕದೊಳಗಿನ ಕಂದು ತ್ರಿಕೋನದ ಗುರುತು ಹಾಕಬೇಕು, ಹಸಿರು ಚುಕ್ಕೆ ಹಾಕುವಂತಿಲ್ಲ. ಹೋಟೆಲುಗಳ ಮೆನುವಿಗೆ ಸಂಬಂಧಿಸಿ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿಯಲ್ಲಿ ಕ್ಯಾಲೊರಿ, ಅಲರ್ಜಿಕಾರಕ ಪದಾರ್ಥಗಳು, ಸಸ್ಯಾಹಾರ–ಮಾಂಸಾಹಾರದ ಗುರುತು ಇವುಗಳನ್ನು ತಿಳಿಸಬೇಕೆಂಬ ವಿಧಿ ಇದೆಯಾದರೂ, ಅದು ಅನ್ವಯಿಸುವುದು ಕೇಂದ್ರ ಪರವಾನಗಿ ಪಡೆದ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಉದ್ಯಮಗಳಿಗೆ. ನಾನು ಹೇಳುತ್ತಿರುವ ಒಂದು–ಎರಡು ಶಾಖೆಗಳ ಹೋಟೆಲುಗಳು ಸಾಮಾನ್ಯವಾಗಿ ಈ ವಿಧಿಯ ಆಚೆ ಉಳಿಯುತ್ತವೆ. ಬನ್ನಿನಿಂದ ಸಾಸ್‌ವರೆಗೆ ಎಲ್ಲವನ್ನೂ ತಮ್ಮದೇ ಪಾಕದಲ್ಲಿ ತಯಾರಿಸುವ, ಆದ್ದರಿಂದಲೇ ಒಳಗೇನಿದೆ ಎಂದು ಗ್ರಾಹಕ ಊಹಿಸಲಾಗದ ಅಡುಗೆಮನೆಗಳಿಗೇ ವಿನಾಯಿತಿ ಸಿಕ್ಕಂತಾಗಿದೆ.

ಇದು ಆಚಾರವಂತರ ಸಮಸ್ಯೆ ಮಾತ್ರ ಎಂದು ಯಾರೂ ಬದಿಗೆ ಸರಿಸಬಾರದು. ಮೊಟ್ಟೆ, ಹಾಲು, ಗೋಧಿ, ಸೋಯಾ, ಕಡಲೆಕಾಯಿ ಇವೆಲ್ಲ ಆ ನಿಯಮಾವಳಿಯ ಅಲರ್ಜಿಕಾರಕಗಳ ಪಟ್ಟಿಯಲ್ಲಿವೆ, ಬರ್ಗರ್ ತಟ್ಟೆಯೊಂದರಲ್ಲಿ ಇವುಗಳಲ್ಲಿ ಮೂರ್ನಾಲ್ಕು ಒಟ್ಟಿಗೇ ಇರುವುದು ಸಾಮಾನ್ಯ. ಬನ್ನಿನ ಮೇಲೆ ಉದುರಿಸುವ ಎಳ್ಳು ನಮ್ಮ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಅದನ್ನೂ ಪ್ರಮುಖ ಅಲರ್ಜಿಕಾರಕವೆಂದು ಪೊಟ್ಟಣದ ಆಹಾರದ ಮೇಲೆ ನಮೂದಿಸಬೇಕಾಗಿದೆ. 2017ರಲ್ಲಿ ಲಂಡನ್ನಿನ ಬರ್ಗರ್ ರೆಸ್ಟೋರೆಂಟ್ ಒಂದರಲ್ಲಿ, ಹಾಲಿನ ಅಲರ್ಜಿಯಿದ್ದ ತರುಣನೊಬ್ಬ ತನ್ನ 18ನೇ ಹುಟ್ಟುಹಬ್ಬದಂದು ಕೋಳಿಯ ಬರ್ಗರ್ ತಿಂದು ತೀರಿಕೊಂಡ. ಕೋಳಿಯನ್ನು ಮಜ್ಜಿಗೆಯಲ್ಲಿ ನೆನೆಸಿಟ್ಟಿದ್ದರು, ಮೆನುವಿನಲ್ಲಿ ಆ ತಿನಿಸಿನ ಎದುರು ಅದರ ಸುಳಿವೇ ಇರಲಿಲ್ಲ ಎಂಬುದು 2019ರ ವಿಚಾರಣೆಯಲ್ಲಿ ದೃಢಪಟ್ಟಿತು. ತನಗೆ ಅಲರ್ಜಿ ಇದೆ ಎಂದು ಆತ ಹೋಟೆಲಿನವರಿಗೆ ಹೇಳಿಯೂ ಇದ್ದ. ಬಾಯಿಮಾತಿನ ಭರವಸೆ ಇಂಥಲ್ಲಿ ಸಾಲದು ಎಂಬುದಕ್ಕೆ ಇದಕ್ಕಿಂತ ದುಃಖದ ನಿದರ್ಶನ ಬೇಕಿಲ್ಲ.

ಹಸಿ ಮೊಟ್ಟೆಯ ಮಯೋನೀಸ್ ವಿಷಯವನ್ನೂ ಇಲ್ಲೇ ಹೇಳಬೇಕು. ಕಾರ್ಖಾನೆಯಲ್ಲಿ ತಯಾರಾಗುವ ಮಯೋನೀಸ್‌ಗೆ ಸಾಮಾನ್ಯವಾಗಿ ಪಾಶ್ಚರೀಕರಿಸಿದ, ಅಂದರೆ ಹದವಾಗಿ ಬಿಸಿಮಾಡಿ ರೋಗಾಣು ನಾಶಪಡಿಸಿದ, ಮೊಟ್ಟೆ ಬಳಸುತ್ತಾರೆ, ನಮ್ಮ ದೇಶದಲ್ಲಂತೂ ಮೊಟ್ಟೆಯಿಲ್ಲದ ಮಯೋನೀಸ್ ಧಾರಾಳವಾಗಿ ಸಿಗುತ್ತದೆ. ಆದರೆ ಒಳ್ಳೆಯ ಬರ್ಗರ್ ಹೋಟೆಲಿನ ಹೆಮ್ಮೆಯೇ ಸಾಸ್ ಅನ್ನು ತಾನೇ ಕಡೆಯುವುದು. ಹಸಿ ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಾಡಿಟ್ಟ ಮಯೋನೀಸ್ ಅನ್ನು ಬೇಸಿಗೆಯ ದಿನ ಕಾವಲಿಯ ಪಕ್ಕದಲ್ಲೇ ಗಂಟೆಗಟ್ಟಲೆ ಇಟ್ಟರೆ ಆ ಬ್ಯಾಕ್ಟೀರಿಯಾ ಬಹುಬೇಗ ಹೆಚ್ಚುತ್ತದೆ. ಈ ಕಾರಣಕ್ಕೇ ಕೇರಳ 2023ರ ಜನವರಿಯಲ್ಲಿ, ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮಯೋನೀಸ್ ಮೇಲೆ ನಿಷೇಧ ಹೇರಿದವು. ಪೂರ್ತಿ ನಿಷೇಧವೇ ಬೇಕೆಂದು ನಾನು ಹೇಳಲಾರೆ. ಯಾವ ಮೊಟ್ಟೆ ಬಳಸುತ್ತಾರೆ, ಮಾಡಿದ್ದನ್ನು ಎಷ್ಟು ಹೊತ್ತು ಇಡುತ್ತಾರೆ ಎಂಬುದನ್ನು ಕೇಳಿದವರಿಗೆ ಖಚಿತವಾಗಿ ಹೇಳುವ ವ್ಯವಸ್ಥೆಯಂತೂ ಇರಲೇಬೇಕು.

ಹೋಟೆಲಿನವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಬಾಡಿಗೆ ಹೆಚ್ಚು, ಅಡುಗೆಮನೆ ಇಕ್ಕಟ್ಟು, ಇರುವುದು ಒಂದೇ ಕಾವಲಿ. ಮೆಕ್‌ಡೊನಾಲ್ಡ್ಸ್ ಸಂಸ್ಥೆ 1996ರಲ್ಲಿ ದೆಹಲಿಯಲ್ಲಿ ತನ್ನ ಮೊದಲ ಭಾರತೀಯ ಮಳಿಗೆ ತೆರೆದಾಗ ಸಸ್ಯಾಹಾರಕ್ಕೆ ಪ್ರತ್ಯೇಕ ಅಡುಗೆ ವ್ಯವಸ್ಥೆ, ಮೊಟ್ಟೆಯಿಲ್ಲದ ಸಾಸ್ ಎಂದು ಈ ದೇಶಕ್ಕೆ ಹೊಂದಿಕೊಂಡ ರೀತಿ ಮೆಚ್ಚತಕ್ಕದ್ದಾದರೂ, ಆ ಬಂಡವಾಳ ಸಣ್ಣ ಹೋಟೆಲಿಗೆ ಇರುವುದಿಲ್ಲ. ಎರಡು ಅಡುಗೆಮನೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಕಾವಲಿ ಒಂದೇ ಆಗಿದ್ದರೆ ಒಂದೇ ಎಂದು ಬರೆಯಲಿ, ಎಣ್ಣೆ ಒಂದೇ ಆಗಿದ್ದರೆ ಅದನ್ನೂ ಬರೆಯಲಿ. ಬೇಡವೆನ್ನುವವರು ಬೇರೇನಾದರೂ ತರಿಸಿಕೊಳ್ಳುತ್ತಾರೆ. ಬನ್ನಿನ ಮಟ್ಟಿಗಂತೂ ಬೆಂಗಳೂರಿನವರಿಗೆ ನೆಪವೇ ಇಲ್ಲ. ಹಾಸನ ಜಿಲ್ಲೆಯಿಂದ ಬಂದವರು ಈ ಊರಿನಲ್ಲಿ ಕಟ್ಟಿದ ಅಯ್ಯಂಗಾರ್ ಬೇಕರಿಗಳು ತಲೆಮಾರುಗಳಿಂದ ಮೊಟ್ಟೆ ಮುಟ್ಟದೆ ಬನ್ನು, ಬ್ರೆಡ್ಡು, ಖಾರಾ ಬನ್ನು ಸುಡುತ್ತ ಬಂದಿವೆ. ಹಾಲು ಮತ್ತು ಬೆಣ್ಣೆ ಹಾಕಿ ನಾದಿದ ಹಿಟ್ಟಿನ ಮೇಲೆ ಹಾಲನ್ನೇ ಸವರಿ ಬೇಯಿಸಿದ ಬನ್ನೂ ಕಂದಾಗಿ, ಮೆತ್ತಗೆ, ಸೊಗಸಾಗಿಯೇ ಇರುತ್ತದೆ. ಬ್ರಿಯೋಶ್‌ನ ರುಚಿಯೇ ಬೇಕೆಂಬವರಿಗೆ ಅದು ಇರಲಿ. ಜೊತೆಗೆ ಮೊಟ್ಟೆಯಿಲ್ಲದ ಇನ್ನೊಂದು ಬನ್ನನ್ನು ಹತ್ತಿರದ ಬೇಕರಿಯಿಂದ ತರಿಸಿಡುವುದು ಯಾವ ಹೋಟೆಲಿಗೂ ಭಾರವಾಗಲಾರದು.

ಆದ್ದರಿಂದ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯಲ್ಲಿ ನನ್ನ ವಿನಂತಿ ಇದು. ಮಳಿಗೆಗಳ ಸಂಖ್ಯೆ ಎಷ್ಟೇ ಇರಲಿ, ಬರ್ಗರ್ ಮಾರುವ ಪ್ರತಿಯೊಂದು ಹೋಟೆಲೂ ತಿನಿಸನ್ನು ಇಡಿಯಾಗಿ, ಅಂದರೆ ಬನ್ನು, ಪ್ಯಾಟಿ, ಸಾಸ್ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗುರುತು ಹಾಕುವಂತೆ ಸೂಚನೆ ಹೊರಡಿಸಬೇಕು; ತಪಾಸಣೆಗೆ ಬರುವ ಅಧಿಕಾರಿಗಳು ಅಡುಗೆಮನೆಯ ಸ್ವಚ್ಛತೆಯ ಜೊತೆಗೆ ಮೆನುವನ್ನೂ ಪರಿಶೀಲಿಸಬೇಕು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘದಂಥ ಸಂಸ್ಥೆಗಳು ಇಲಾಖೆಯ ಆದೇಶಕ್ಕೆ ಕಾಯದೆ ತಮ್ಮ ಸದಸ್ಯರಿಗೆ ಈ ಸಲಹೆ ನೀಡಬಹುದು. ಈ ವಿವರಗಳು ಕನ್ನಡದಲ್ಲೂ ಇರಬೇಕು, ಮೊಬೈಲು ಬಳಸದವರಿಗಾಗಿ ಮುದ್ರಿತ ಮೆನುವೂ ಮೇಜಿಗೆ ಬರಬೇಕು. ಬಡಿಸುವವರಿಗೆ ಕೆಲಸಕ್ಕೆ ಸೇರಿದ ದಿನವೇ ಯಾವ ಬರ್ಗರ್‌ನಲ್ಲಿ ಏನಿದೆ ಎಂಬ ಪಟ್ಟಿಯನ್ನು ಕೈಗೆ ಕೊಟ್ಟು ವಿವರಿಸುವ ಹೊಣೆ ಮಾಲೀಕರದು. ಗ್ರಾಹಕರು ಕೂಡ ಸಂಕೋಚ ಬಿಟ್ಟು ಕೇಳಲಿ. ಹೇಳದೆ ಮೊಟ್ಟೆ ಬಡಿಸಿದ್ದು ತಿಳಿದರೆ ಬಿಲ್ಲನ್ನು ಎಸೆಯದೆ ಇಟ್ಟುಕೊಳ್ಳಲಿ: 2022ರ ಜನವರಿಯಿಂದ ಅದರ ಮೇಲೆ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುವುದು ಕಡ್ಡಾಯವಾಗಿದೆ, ದೂರು ಸಲ್ಲಿಸುವಾಗ ಆ ಸಂಖ್ಯೆ ನೆರವಿಗೆ ಬರುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಬಸವನಗುಡಿ, ಬೆಂಗಳೂರು