ಮರುಕಳಿಸುವ ಮಾತು: ಈ ವಾರದ ಓದು

ಎಲ್ಲರಿಗೂ ವಂದನೆ. ಈ ವಾರ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 1ನೇ ಅಧ್ಯಾಯದಿಂದ 2ನೇ ಅಧ್ಯಾಯದ 3ನೇ ವಚನದವರೆಗೆ ಓದಿಕೊಂಡು ಬನ್ನಿ, ಆದಷ್ಟೂ ಗಟ್ಟಿಯಾಗಿ. ಸಾಯಂಕಾಲವೂ ಪ್ರಾತಃಕಾಲವೂ ಆಯಿತೆಂಬ ಮಾತು ದೇವರು ಲೋಕವನ್ನು ಸೃಷ್ಟಿಸಿದ ಆರು ದಿನವೂ ಬರುತ್ತದೆ, ಏಳನೆಯ ದಿನಕ್ಕೆ ಮಾತ್ರ ಇಲ್ಲ. ವಿಶ್ರಾಂತಿಯ ಆ ದಿನ ಮುಗಿಯಿತೆಂದು ಎಲ್ಲೂ ಹೇಳಿಲ್ಲ! ಇಡೀ ಭಾಗದ ಜೀವವೇ ಇಲ್ಲಿದೆ ಅನ್ನಿಸುತ್ತದೆ ನನಗೆ. ಹಾಗೆಯೇ, ದೇವರಿಗೆ ಅದು ಒಳ್ಳೆಯದೆಂದು ಕಂಡಿತೆಂಬ ಮಾತು ಎರಡನೆಯ ದಿನ ಬರುವುದಿಲ್ಲ, ಮೂರನೆಯ ದಿನ ಎರಡು ಸಲ ಬರುತ್ತದೆ. ಎರಡನೆಯ ದಿನ ಶುರುವಾದ ನೀರನ್ನು ವಿಂಗಡಿಸುವ ಕೆಲಸ ಮೂರನೆಯ ದಿನ ಒಣನೆಲ ಕಾಣಿಸಿದಾಗಲೇ ಪೂರ್ತಿಯಾಯಿತು ಎಂದೇ ಇರಬೇಕು.

ಬೈಬಲಿನದೇ ಕೀರ್ತನೆಗಳ ಪುಸ್ತಕದಿಂದ ಕೀರ್ತನೆ 136ನ್ನೂ ನೋಡಿ. 26 ವಚನಗಳೂ ಒಂದೇ ಪಲ್ಲವಿಯಿಂದ ಮುಗಿಯುತ್ತವೆ. ದಯವಿಟ್ಟು ಪಲ್ಲವಿ ಹಾರಿಸಿ ಓದಬೇಡಿ. ನಿಮಗೆ ಹೊಳೆದದ್ದನ್ನು ವಚನದ ಸಂಖ್ಯೆ ಸಮೇತ ಇಲ್ಲೇ ಬರೆಯಿರಿ.